ನರಸಾಪುರದ ಹಾಜರಿ

2020ರಲ್ಲಿ ಕೋಲಾರದ ಒಂದು ಕಾರ್ಖಾನೆಯಲ್ಲಿ ಯಂತ್ರ ಹಾಜರಿಯನ್ನು ತಪ್ಪು ಬರೆಯಿತು. ಕೇಳಹೋದವರಿಗೆ ಉತ್ತರ ಹೇಳುವವರು ಸಿಗಲಿಲ್ಲ. ಈಗ ಹಾಜರಿಯಷ್ಟೇ ಅಲ್ಲ, ನೇಮಕ, ಬಡ್ತಿ, ವಜಾಗಳನ್ನೂ ಕೃತಕ ಬುದ್ಧಿಮತ್ತೆಯ ವಶಕ್ಕೆ ಕೊಡುವ ಕಾಲ ಬಂದಿದೆ. ಕೊಡುವ ಅಧಿಕಾರಿ ಯಾವುದಕ್ಕೆ ಹೊಣೆ?

ಡಿಸೆಂಬರ್ ಮಾಸದ ಬೆಳಗಿನ ಜಾವ, ಮುಳಬಾಗಿಲಿನ ಹೆದ್ದಾರಿಯ ಮಗ್ಗುಲಲ್ಲಿ ಟೀ ಅಂಗಡಿಯ ಒಲೆ ಆಗತಾನೆ ಹೊತ್ತಿಕೊಂಡು, ಸುತ್ತಲಿನ ಕಲ್ಲುಬೆಟ್ಟಗಳ ಆಕಾರ ಇನ್ನೂ ಮಂಜಿನೊಳಗಿಂದ ಬಿಡಿಸಿಕೊಳ್ಳದೆ ಇರುವಾಗಲೇ, ಸ್ವೆಟರಿನ ಮೇಲೆ ಐಡಿ ಕಾರ್ಡು ತೂಗಹಾಕಿಕೊಂಡು, ಊಟದ ಡಬ್ಬಿಯ ಚೀಲವನ್ನು ಎದೆಗವಚಿಕೊಂಡ ಹತ್ತಾರು ಮಂದಿ ಹುಡುಗಿಯರೂ ಹುಡುಗರೂ ಕಂಪನಿ ಬಸ್ಸಿಗಾಗಿ ಕಾದು ನಿಂತಿರುತ್ತಾರೆ. ನರಸಾಪುರ, ವೇಮಗಲ್, ಮಾಲೂರುಗಳ ಕೈಗಾರಿಕಾ ಪ್ರದೇಶಗಳಿಗೆ ಹೋಗತಕ್ಕ ಬಸ್ಸುಗಳು ಒಂದರ ಹಿಂದೆ ಒಂದು ಬಂದು, ಅವರನ್ನು ತುಂಬಿಕೊಂಡು ಪಶ್ಚಿಮಾಭಿಮುಖವಾಗಿ ಹೊರಡುತ್ತವೆ.

ಆ ಗುಂಪಿನಲ್ಲಿ ನಿಂತು ಕಿವಿಗೊಟ್ಟರೆ ಒಂದು ಬಗೆಯ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. "ಅಕ್ಕಾ, ಮೊನ್ನೆ ಪಂಚ್ ಬಿದ್ದೇ ಇಲ್ಲ, ಆಬ್ಸೆಂಟ್ ತೋರಿಸ್ತಿದೆ." "ಎಚ್‌.ಆರ್. ಹತ್ರ ಹೋಗು." "ಹೋಗಿದ್ದೆ. ಏಜೆನ್ಸಿಯವರನ್ನ ಕೇಳು ಅಂದ್ರು. ಏಜೆನ್ಸಿಯವರು ಸಿಸ್ಟಮ್‌ನಲ್ಲಿ ಹಂಗೇ ಬಂದಿದೆ ಅಂದ್ರು." ಅಷ್ಟು ಹೊತ್ತಿಗೆ ಬಸ್ಸು ಬರುತ್ತದೆ, ಮಾತು ನಿಲ್ಲುತ್ತದೆ, ಒಂದು ದಿನದ ಕೂಲಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹಾಗೆ ಉಳಿದ ಪ್ರಶ್ನೆಗಳು ಸಾವಿರಗಟ್ಟಲೆಯಾಗಿ ಒಂದೆಡೆ ಸೇರಿದರೆ ಏನಾಗುವುದೆಂಬುದನ್ನು ಕೋಲಾರ ಜಿಲ್ಲೆ 2020ನೆಯ ಇಸವಿಯ ಡಿಸೆಂಬರ್ 12ರ ಶನಿವಾರದಂದು ಕಂಡಿದೆ. ತೈವಾನಿನ ವಿಸ್ಟ್ರಾನ್ ಸಂಸ್ಥೆ ಆಪಲ್ ಕಂಪನಿಗಾಗಿ ಐಫೋನುಗಳನ್ನು ಜೋಡಿಸುತ್ತಿದ್ದ ನರಸಾಪುರದ ಕಾರ್ಖಾನೆಯಲ್ಲಿ, ರಾತ್ರಿಯ ಪಾಳಿ ಮುಗಿದು ಬೆಳಗಿನ ಪಾಳಿ ಮೊದಲಾಗುವ ಸಂಧಿಕಾಲದಲ್ಲಿ, ಸಂಬಳದ ವಿಷಯವಾಗಿ ಆರಂಭವಾದ ಕೂಗು ಕ್ಷಣಮಾತ್ರದಲ್ಲಿ ದೊಂಬಿಯಾಯಿತು. ಗಾಜುಗಳು ಒಡೆದುವು, ವಾಹನಗಳು ಉರುಳಿದುವು, ನೂರೈವತ್ತಕ್ಕಿಂತ ಹೆಚ್ಚು ಮಂದಿ ಬಂಧಿತರಾದರು. ಅವರಲ್ಲಿ ಬಹುಮಂದಿ ತಮ್ಮ ಮನೆತನದಲ್ಲಿ ಮೊಟ್ಟಮೊದಲಿಗೆ ಕಾರ್ಖಾನೆಯ ಬಾಗಿಲನ್ನು ದಾಟಿದ ಎಳೆಯರು.

ಒಡೆದದ್ದು ಸರಿಯೆಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಆ ಬೆಳಗಿನ ಹಿಂದಣ ಎರಡು ತಿಂಗಳುಗಳನ್ನು ಕುರಿತು ಕಾರ್ಖಾನೆಗಳ ಇಲಾಖೆ ತಪಾಸಣೆ ನಡೆಸಿ ಬರೆದ ವರದಿಯನ್ನು ಓದಿದವರಿಗೆ, ಕಲ್ಲು ಬೀಳುವುದಕ್ಕೆ ಬಹಳ ಮುಂಚೆಯೇ ಅಲ್ಲಿ ಮತ್ತೊಂದು ಮುರಿದುಬಿದ್ದಿದ್ದಿತೆಂಬುದು ಸ್ಪಷ್ಟವಾಗುತ್ತದೆ.

ಐದು ಸಾವಿರದಷ್ಟಿದ್ದ ಕಾರ್ಮಿಕರ ಸಂಖ್ಯೆ ಅತ್ಯಲ್ಪ ಕಾಲದಲ್ಲಿ 10,500ಕ್ಕೆ ಏರಿದ್ದಿತು. ಅಕ್ಟೋಬರಿನಿಂದ ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಯಿತು. ಇಷ್ಟು ಜನರ ಯೋಗಕ್ಷೇಮವನ್ನು ನೋಡಿಕೊಳ್ಳಬೇಕಾಗಿದ್ದ ಮಾನವ ಸಂಪನ್ಮೂಲ ವಿಭಾಗದಲ್ಲಿ ಕಾರ್ಮಿಕ ಕಾನೂನನ್ನು ಬಲ್ಲ ಸಿಬ್ಬಂದಿ ಸಾಲದಾಗಿದ್ದಿತು. ಎಲ್ಲಕ್ಕಿಂತ ಮಿಗಿಲಾಗಿ, ಒಳಗೆ ಬಂದುದನ್ನೂ ಹೊರಗೆ ಹೋದುದನ್ನೂ ಗುರುತಿಸತಕ್ಕ ಹಾಜರಿಯ ಯಂತ್ರವ್ಯವಸ್ಥೆ ದೋಷಗೊಂಡು, ಎರಡು ತಿಂಗಳ ಕಾಲ ಲೆಕ್ಕವನ್ನು ಸರಿಯಾಗಿ ಹಿಡಿಯದೆ ಇದ್ದರೂ ಅದನ್ನು ಸರಿಪಡಿಸಿರಲಿಲ್ಲ. ದುಡಿದ ದಿನ ದುಡಿಯದ ದಿನವಾಯಿತು. ಓಟಿಯ ಗಂಟೆ ಕಾಣೆಯಾಯಿತು. ಬ್ಯಾಂಕಿನ ಸಂದೇಶದಲ್ಲಿ ಬಂದ ಮೊತ್ತಕ್ಕೂ ಮೈಯ ನೋವಿಗೂ ಹೊಂದಿಕೆಯೇ ಇಲ್ಲವಾಯಿತು.

ಚೌಕಟ್ಟು: ನರಸಾಪುರದ ಆ ಕೆಲವು ವಾರಗಳು

*ಎಂಜಿನಿಯರಿಂಗ್ ಓದಿದವರಿಗೆ ತಿಂಗಳಿಗೆ 21,000 ರೂಪಾಯಿ ಎಂದು ಹೇಳಿ ಸೇರಿಸಿಕೊಂಡ ಸಂಬಳ 16,000ಕ್ಕೂ, ಆಮೇಲೆ 12,000ಕ್ಕೂ ಇಳಿದಿತೆಂದು ಕಾರ್ಮಿಕರು ಅಂದು ಪತ್ರಿಕೆಗಳಿಗೆ ತಿಳಿಸಿದರು.*

*ಕಾರ್ಮಿಕರಲ್ಲಿ ಬಹುಪಾಲಿನವರು ಕಂಪನಿಯ ಖಾಯಂ ನೌಕರರಾಗಿರಲಿಲ್ಲ. ಹಲವು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು.*

*ಪೊಲೀಸ್ ದೂರಿನಲ್ಲಿ ನಷ್ಟವನ್ನು 437 ಕೋಟಿ ರೂಪಾಯಿ ಎಂದು ಹೇಳಲಾಗಿತ್ತು. ತೈವಾನಿನ ಷೇರುಪೇಟೆಗೆ ಕಂಪನಿ ಅನಂತರ ಕೊಟ್ಟ ಅಂದಾಜು ಅದಕ್ಕಿಂತ ಬಹಳ ಕಡಮೆ.*

*ಡಿಸೆಂಬರ್ 19ರಂದು ಆಪಲ್, ಕೆಲಸದ ಗಂಟೆಗಳ ನಿರ್ವಹಣೆಯಲ್ಲಿ ಲೋಪವಾಗಿ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಕೆಲವರಿಗೆ ಸಂಬಳ ತಡವಾದುದನ್ನು ಒಪ್ಪಿಕೊಂಡು, ವಿಸ್ಟ್ರಾನನ್ನು ನಿಗಾವಣೆಯಲ್ಲಿ ಇರಿಸಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಸ್ಥಾನದಿಂದ ಇಳಿಸಿತು.*

*2023ರ ಅಕ್ಟೋಬರಿನಲ್ಲಿ ಕಾರ್ಖಾನೆಯನ್ನು ಟಾಟಾ ಎಲೆಕ್ಟ್ರಾನಿಕ್ಸಿಗೆ 12.5 ಕೋಟಿ ಡಾಲರಿಗೆ ಮಾರುವ ಒಪ್ಪಂದವಾಯಿತು.*

ಅಂದು ತಪ್ಪು ಬರೆದ ಯಂತ್ರ ಬುದ್ಧಿವಂತ ಯಂತ್ರವಾಗಿರಲಿಲ್ಲ. ಹೊಕ್ಕವರನ್ನು ಹೊರಟವರನ್ನು ಎಣಿಸುವ ಸಾಧಾರಣ ಸಾಧನ. ಇಂದು ದೇಶದ ದೊಡ್ಡ ಕಂಪನಿಗಳ ವ್ಯವಸ್ಥಾಪಕರ ಮೇಜಿಗೆ ಬಂದಿರುವುದು ಬೇರೆ ಜಾತಿಯ ಸಾಧನ. ಸಾವಿರ ಅರ್ಜಿಗಳನ್ನು ಕ್ಷಣದಲ್ಲಿ ಓದಿ ಐವತ್ತನ್ನು ಆರಿಸಿಕೊಡುತ್ತದೆ. ಯಾರು ಆರು ತಿಂಗಳೊಳಗೆ ಕೆಲಸ ಬಿಟ್ಟಾರು ಎಂದು ಊಹಿಸುತ್ತದೆ. ಯಾರ ಕೈ ನಿಧಾನ, ಯಾರ ಗೈರುಹಾಜರಿ ಹೆಚ್ಚು ಎಂದು ಅಂಕ ಹಾಕಿ, ಕರಾರು ಮುಂದುವರಿಯಬೇಕಾದವರ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಹಾಜರಿಯ ಯಂತ್ರ ತಪ್ಪಿದಾಗ, ಬಂದಿದ್ದೆನೆಂದು ಸಾಕ್ಷಿ ಹೇಳುವುದಕ್ಕೆ ಪಕ್ಕದ ಲೈನಿನವಳಾದರೂ ಇದ್ದಳು. ಅಂಕ ಹಾಕುವ ಯಂತ್ರ ತಪ್ಪಿದರೆ, ತಪ್ಪಿತೆಂಬುದೇ ತಿಳಿಯುವುದಿಲ್ಲ.

ಈ ಜಿಲ್ಲೆಯ ಕಾರ್ಮಿಕರಿಗೆ ಗುರುತಿನ ಯಂತ್ರದ ಮೇಲಣ ಸಂಶಯ ನಿನ್ನೆ ಮೊನ್ನೆಯದಲ್ಲ. 1930ರಲ್ಲಿ, ಲಂಡನ್ನಿನ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಕೋಲಾರದ ಚಿನ್ನದ ಗಣಿಗಳಲ್ಲಿ, ಪ್ರತಿಯೊಬ್ಬ ಕೂಲಿಯ ಬೆರಳಚ್ಚನ್ನು ತೆಗೆದು ದಾಖಲೆಯಿಡಬೇಕೆಂಬ ನಿಯಮ ಬಂದಾಗ, ಭೂಮಿಯ ಕೆಳಗೆ ಸಹಸ್ರಾರು ಅಡಿಗಳ ಆಳದಲ್ಲಿ, ಕುದಿವ ಬಂಡೆಗಳ ನಡುವೆ ಮಾತಿಲ್ಲದೆ ದುಡಿಯುತ್ತಿದ್ದ ಜನ ಕೆಲಸ ನಿಲ್ಲಿಸಿ ಮೇಲೆ ಕುಳಿತರು. ಹಳೆಯ ಮೈಸೂರಿನ ಕಾರ್ಮಿಕ ಚರಿತ್ರೆಯನ್ನು ಬರೆದಿರುವ ಇತಿಹಾಸಜ್ಞೆ ಜಾನಕಿ ನಾಯರ್ ಅವರು ಈ ಮುಷ್ಕರವನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ.

ಕೂಲಿ ಹೆಚ್ಚಿಸಿರೆಂದಲ್ಲ, ಹೆಬ್ಬೆಟ್ಟು ಕೊಡಲಾರೆವೆಂದು ನಡೆದ ಮುಷ್ಕರ ಅದು. ನಿರಕ್ಷರರ ಅಜ್ಞಾನವೆಂದು ಅದನ್ನು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಬೆರಳಚ್ಚು ಒಮ್ಮೆ ದಾಖಲೆಯಲ್ಲಿ ಕುಳಿತಿತೆಂದರೆ ಅದು ಯಾರ ಕೈ ಸೇರುವುದು, ಚಾಂಪಿಯನ್ ರೀಫಿನಲ್ಲಿ ಜಗಳವಾಡಿ ಬಿಟ್ಟವನನ್ನು ಊರಿಗಾಂ ಗಣಿಯ ಬಾಗಿಲಿನಲ್ಲಿ ಹಿಂದಕ್ಕೆ ಕಳುಹಿಸಲು ಅದು ಸಾಧನವಾಗಬಾರದೆಂದು ಯಾರು ಭರವಸೆ ಕೊಡುವರು ಎಂಬ ಪ್ರಶ್ನೆ ಅತ್ಯಂತ ವಿವೇಕದ ಪ್ರಶ್ನೆ. ತೊಂಬತ್ತೈದು ವರ್ಷಗಳ ತರುವಾಯ, ದತ್ತಾಂಶದ ರಕ್ಷಣೆಯನ್ನು ಕುರಿತು ವಿದ್ವಾಂಸರು ಕೇಳುತ್ತಿರುವುದೂ ಇದನ್ನೇ.

ಬೆರಳಿನ ವಿಷಯದಲ್ಲಿ ಮತ್ತೊಂದು ಕಷ್ಟವುಂಟು. ಮಾಲೂರಿನ ಇಟ್ಟಿಗೆ ಹೆಂಚುಗಳ ಗೂಡುಗಳಲ್ಲಿ ವರ್ಷಾನುಗಟ್ಟಲೆ ಜೇಡಿಮಣ್ಣನ್ನು ತುಳಿದು, ಹಸಿ ಇಟ್ಟಿಗೆ ತೆಗೆದು, ಸುಟ್ಟದ್ದನ್ನು ಹೊತ್ತ ಹೆಂಗಸಿನ ಕೈಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಹೆಬ್ಬೆರಳಿನ ತುದಿ ನುಣುಪಾಗಿ ಸವೆದು, ರೇಖೆಗಳ ಸ್ಥಾನದಲ್ಲಿ ಸಣ್ಣ ಬಿರುಕುಗಳು ಮಾತ್ರ ಇರುತ್ತವೆ. ಯಂತ್ರದ ಗಾಜಿನ ಮೇಲೆ ಒತ್ತುತ್ತಾಳೆ, ಸೆರಗಿನಿಂದ ಒರಸಿ ಮತ್ತೆ ಒತ್ತುತ್ತಾಳೆ, ಎಂಜಲು ತಾಗಿಸಿ ಇನ್ನೊಮ್ಮೆ ಒತ್ತುತ್ತಾಳೆ, ಕೆಂಪು ದೀಪ. ಯಾವ ದುಡಿಮೆಗೆ ಸಾಕ್ಷಿಯಾಗಿ ಆ ಬೆರಳನ್ನು ಕೇಳುತ್ತಾರೋ ಆ ದುಡಿಮೆಯೇ ಬೆರಳಿನ ಗುರುತನ್ನು ಅಳಿಸಿರುತ್ತದೆ.

ಹಾಗಾದರೆ ಫೋಟೋ ತೆಗೆದು ಹಾಜರಿ ಹಿಡಿಯೋಣ ಎಂದರು. ಶ್ರೀನಿವಾಸಪುರ, ಮುಳಬಾಗಿಲುಗಳ ಕೆರೆಗಳಲ್ಲಿ ಹೂಳೆತ್ತುತ್ತಿದ್ದ ಉದ್ಯೋಗ ಖಾತರಿಯ ಕೂಲಿಯವರಿಗೂ 2023ರ ಜನವರಿಯಿಂದ ದಿನಕ್ಕೆರಡು ಬಾರಿ ಮೊಬೈಲ್ ಆ್ಯಪ್‌ನಲ್ಲಿ ಫೋಟೋ ಹಾಜರಿ ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಕೆರೆಯಂಗಳದಲ್ಲಿ ಬಿಸಿಲಿಗೆ ನಿಂತು, ಫೋಟೋ ಏರುವ ತನಕ ಕಾಯುವುದೂ ಕೆಲಸದ ಒಂದು ಭಾಗವಾಯಿತು.

ಚೌಕಟ್ಟು: ಯಂತ್ರ ಎಡವಿದ ಕಡೆ

*ಅಮೆಜಾನ್ ಕಂಪನಿ 2014ರಿಂದ ಅರ್ಜಿಗಳಿಗೆ ಅಂಕ ಕೊಡುವ ಒಂದು ಯಂತ್ರವ್ಯವಸ್ಥೆಯನ್ನು ಕಟ್ಟಿತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ, ಅಂದರೆ ಬಹುತೇಕ ಗಂಡಸರ ಅರ್ಜಿಗಳಿಂದ, ಪಾಠ ಕಲಿತ ಅದು ಮಹಿಳೆಯರ ಸಂಘ, ಮಹಿಳೆಯರ ಕಾಲೇಜು ಎಂಬ ಉಲ್ಲೇಖ ಕಂಡಲ್ಲಿ ಅಂಕ ಕಡಮೆ ಮಾಡತೊಡಗಿತು. ಕಂಪನಿ ಅದನ್ನು ಕೈಬಿಟ್ಟುದು 2018ರಲ್ಲಿ ರಾಯಿಟರ್ಸ್ ವರದಿಯಿಂದ ಹೊರಬಿದ್ದಿತು.*

*ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು ಜಾಯ್ ಬುವೊಲಮ್ವಿನಿ, ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು 2018ರಲ್ಲಿ ಪರೀಕ್ಷಿಸಿದರು. ಬಿಳಿಯ ಮೈಬಣ್ಣದ ಗಂಡಸರಲ್ಲಿ ತಪ್ಪು ಶೇ 0.8 ಮೀರಲಿಲ್ಲ, ಕಪ್ಪು ಮೈಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ ಹೋಯಿತು.*

ಇವು ಪರದೇಶದ ಪ್ರಸಂಗಗಳೆಂದು ನಾವು ನೆಮ್ಮದಿಯಾಗಿರುವಂತಿಲ್ಲ. ಇದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಸಿಗುವ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ, ಐಫೋನ್ ಜೋಡಣೆಯ ಕೆಲಸಕ್ಕೆ ಮದುವೆಯಾದ ಹೆಂಗಸರನ್ನು ತೆಗೆದುಕೊಳ್ಳುತ್ತಿಲ್ಲವೆಂದು 2024ರ ಜೂನ್ ತಿಂಗಳಲ್ಲಿ ರಾಯಿಟರ್ಸ್ ವರದಿ ಮಾಡಿದಾಗ, ಕೇಂದ್ರ ಕಾರ್ಮಿಕ ಸಚಿವಾಲಯ ತಮಿಳುನಾಡಿನಿಂದ ವಿವರ ಕೇಳಿತು. ಕಂಪನಿ ತಾರತಮ್ಯದ ಆರೋಪವನ್ನು ನಿರಾಕರಿಸಿತು. ಅಲ್ಲಿ ಆಪಾದನೆಗೆ ಗುರಿಯಾದವರು ಮನುಷ್ಯರೇ, ಯಂತ್ರವಲ್ಲ. ಆದರೆ ಯಾವ ಕಾರ್ಖಾನೆಯಲ್ಲಿಯೇ ಆಗಲಿ, ಕಾಲುಂಗುರ ಕಂಡು ಹಿಂದಕ್ಕೆ ಕಳುಹಿಸಿದ ರೂಢಿ ಕೆಲವು ವರ್ಷ ನಡೆದಿದ್ದು, ಆ ವರ್ಷಗಳ ನೇಮಕದ ಕಡತಗಳನ್ನೇ ಯಂತ್ರಕ್ಕೆ ಪಾಠವಾಗಿ ಒದಗಿಸಿದರೆ, ಅದು ಕಾಲುಂಗುರವನ್ನು ನೋಡದೆಯೇ, ವಯಸ್ಸು, ವಿಳಾಸ, ಓದು ನಿಂತ ವರ್ಷ ಇವುಗಳಿಂದ ಅದೇ ಹೆಂಗಸರನ್ನು ಪತ್ತೆಹಚ್ಚಿ ಪಕ್ಕಕ್ಕೆ ಸರಿಸುವುದನ್ನು ಕಲಿತುಬಿಡುತ್ತದೆ. ಆಗ ಪತ್ರಕರ್ತನಿಗೆ ಸಿಗತಕ್ಕ ಬಾಯಿಮಾತೂ ಇರುವುದಿಲ್ಲ, ಬಾಗಿಲಿನಲ್ಲಿ ನಿಂತ ಕಾವಲುಗಾರನೂ ಇರುವುದಿಲ್ಲ.

ಭಾಷೆಯ ಮಾತು ಕೋಲಾರಕ್ಕೆ ಇನ್ನೂ ಹತ್ತಿರದ್ದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆ.ಜಿ.ಎಫ್.ನ ಬೀದಿಯಲ್ಲಿ ತಮಿಳು, ಕೋಲಾರದ ಪೇಟೆಯಲ್ಲಿ ಉರ್ದು: ಹೀಗೆ ನಾಲ್ಕು ನುಡಿಗಳ ನಡುವೆ ಸಲೀಸಾಗಿ ಓಡಾಡಬಲ್ಲ ಶ್ರೀನಿವಾಸಪುರದ ಡಿಪ್ಲೊಮಾ ಹುಡುಗ, ಮೊಬೈಲಿನ ಪರದೆಯ ಮುಂದೆ ಕುಳಿತು ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳಬೇಕಾದಾಗ ತಡವರಿಸುತ್ತಾನೆ. ಆ ತಡವರಿಕೆಯನ್ನು ಯಂತ್ರ ಆತ್ಮವಿಶ್ವಾಸದ ಕೊರತೆಯೆಂದು ಎಣಿಸಿದರೆ, ಅವನ ನಾಲ್ಕು ನುಡಿಗಳಿಗೆ ಅಂಕವಿಲ್ಲ. ಮುಖಭಾವ ನೋಡಿ ಯೋಗ್ಯತೆ ಅಳೆಯುವ ಇಂಥ ಪದ್ಧತಿಯನ್ನು, ಅದನ್ನು ಪ್ರಚಾರಕ್ಕೆ ತಂದ ಅಮೆರಿಕದ ಹೈರ್‌ವ್ಯೂ ಸಂಸ್ಥೆಯೇ 2021ರಲ್ಲಿ ಬಿಟ್ಟುಕೊಟ್ಟಿತು. ಕೆಲಸದ ಸ್ಥಳದಲ್ಲಿ ನೌಕರರ ಭಾವಗಳನ್ನು ಯಂತ್ರದಿಂದ ಊಹಿಸುವುದನ್ನು ಯುರೋಪಿಯನ್ ಒಕ್ಕೂಟ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು, 2025ರ ಫೆಬ್ರವರಿಯಿಂದ ನಿಷೇಧಿಸಿದೆ.

ಶ್ರೀನಿವಾಸಪುರದಲ್ಲಿ ಮಾವಿನ ಕಾಲದಲ್ಲಿ ಮಂಡಿಗಳ ಮುಂದೆ ನಿಂತರೆ ವಿಂಗಡಣೆಯ ಕೆಲಸ ಹೇಗೆ ನಡೆಯುವುದೆಂದು ಕಾಣಬಹುದು. ರಾಶಿ ಸುರಿದ ಬಾದಾಮಿ, ತೋತಾಪುರಿ, ಬೇನಿಷಾ ಹಣ್ಣುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವನು ಒಂದೊಂದನ್ನೂ ತಿರುವಿ ನೋಡಿ, ಇದು ಮೊದಲ ದರ್ಜೆ, ಇದು ಎರಡನೆಯದು, ಇದು ಬೇಡ ಎಂದು ಎಸೆಯುತ್ತಿರುತ್ತಾನೆ. ಬೇಡವೆಂದುದನ್ನು ರೈತ ಕೈಗೆತ್ತಿಕೊಂಡು "ಎಲ್ಲಯ್ಯಾ ಹುಳ, ತೋರಿಸು" ಎಂದು ಕೇಳುತ್ತಾನೆ. ತೋರಿಸಬೇಕು, ತೋರಿಸದಿದ್ದರೆ ಹಣ್ಣು ರಾಶಿಗೆ ಹಿಂತಿರುಗಬೇಕು. ಒಂದು ಮಾವಿನ ಹಣ್ಣಿಗೆ ಸಲ್ಲುವ ಈ ವಿಚಾರಣೆ, ಅರ್ಜಿ ಹಾಕಿದ ಹುಡುಗನಿಗೆ ಸಲ್ಲುತ್ತಿಲ್ಲ.

ಮೇಲಧಿಕಾರಿಗಳ ತೀರ್ಮಾನದಿಂದ ನೊಂದವರು ಹಿಂದೆಯೂ ಇದ್ದರು. ಮನುಷ್ಯರು ಮಾಡಿದ ಆಯ್ಕೆಗಳೆಲ್ಲ ನ್ಯಾಯವಾಗಿದ್ದುವೆಂದು ನಾನು ವಾದಿಸುವುದಿಲ್ಲ. ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ಕಾಲು ಶತಮಾನಕ್ಕೂ ಮೀರಿ ದುಡಿದು, ತಮಗೆ ನ್ಯಾಯವಾಗಿ ಸಲ್ಲಬೇಕಾಗಿದ್ದಿತೆಂದು ಅವರು ಭಾವಿಸಿದ್ದ ಸ್ಥಾನ ಕಿರಿಯರೊಬ್ಬರಿಗೆ ಹೋದಾಗ, 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅನ್ಯಾಯವಾಯಿತೆಂದು ಅವರು ಎಣಿಸಿದರು. ಆದರೆ ಆ ತೀರ್ಮಾನಕ್ಕೆ ಒಡೆತನವಿದ್ದಿತು, ಅದನ್ನು ಮಾಡಿದ ಸರ್ಕಾರಕ್ಕೆ ಮುಖವಿದ್ದಿತು, ಪ್ರತಿಭಟನೆಯ ಪತ್ರವನ್ನು ಒಪ್ಪಿಸಲು ಒಂದು ಕಚೇರಿಯಿದ್ದಿತು. ಮಾಸ್ತಿಯವರಂಥ ಹಿರಿಯ ಅಧಿಕಾರಿಗೆ ಇದ್ದ ಈ ಅನುಕೂಲ, ಅವರ ತಾಲ್ಲೂಕಿನ ಗುತ್ತಿಗೆ ಕಾರ್ಮಿಕಳಿಗೆ ಇಲ್ಲ. ಅವಳನ್ನು ಸೇರಿಸಿಕೊಂಡುದು ಏಜೆನ್ಸಿ, ದುಡಿಸಿಕೊಳ್ಳುವುದು ಕಂಪನಿ, ಲೆಕ್ಕವಿಡುವುದು ಮತ್ತೊಂದು ಊರಿನ ಸಾಫ್ಟ್‌ವೇರು. ಈ ಮೂವರ ನಡುವೆ ಹೊಣೆ ಮೊದಲೇ ಚದರಿಹೋಗಿದ್ದಿತು. ಕೃತಕ ಬುದ್ಧಿಮತ್ತೆ ಅದಕ್ಕೆ ನಾಲ್ಕನೆಯ ಪದರವನ್ನು ಸೇರಿಸುತ್ತದೆ, ಮತ್ತು ಆ ಪದರಕ್ಕೆ ಕಿವಿಯೇ ಇಲ್ಲ.

ಇಲ್ಲಿ ವ್ಯವಸ್ಥಾಪಕನ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹತ್ತು ಸಾವಿರ ಮಂದಿಯ ಹೆಸರನ್ನು ಯಾವ ಅಧಿಕಾರಿಯೂ ನೆನಪಿಡಲಾರ. ಮೇಲಿನಿಂದ ಉತ್ಪಾದನೆಯ ಗುರಿ, ಕೆಳಗಿನಿಂದ ರಜೆಯ ಅರ್ಜಿ, ಪಕ್ಕದಲ್ಲಿ ಏಜೆನ್ಸಿಯ ಬಿಲ್ಲು. ಇವುಗಳ ನಡುವೆ ಸಿಕ್ಕಿದವನಿಗೆ ಅಂಕಗಳ ಪಟ್ಟಿ ಪರಮೋಪಕಾರವಾಗಿ ಕಾಣುವುದು ಸಹಜ. ಯಂತ್ರ ಪಕ್ಷಪಾತ ಮಾಡದೆಂದು ಅವನು ಪ್ರಾಮಾಣಿಕವಾಗಿಯೇ ನಂಬಿರಬಹುದು. ತನ್ನ ಜಾತಿಯವನಿಗೆ, ತನ್ನ ಊರಿನವನಿಗೆ ಒಲಿಯುವ ಸೂಪರ್‌ವೈಸರನ್ನು ಕಂಡು ಬೇಸತ್ತವನಿಗೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಯಂತ್ರ ಒಳ್ಳೆಯ ಸೇವೆಯನ್ನೂ ಸಲ್ಲಿಸಬಲ್ಲುದು. 2020ರ ನವೆಂಬರಿನಲ್ಲಿ, ನರಸಾಪುರದ ಸಂಬಳದ ಲೆಕ್ಕವನ್ನೂ ಪಾಳಿಯ ಪಟ್ಟಿಯನ್ನೂ ಎದುರುಬದುರು ಇರಿಸಿ, ಇಷ್ಟು ಸಾವಿರ ಮಂದಿಯ ಗಂಟೆಗಳು ತಾಳೆಯಾಗುತ್ತಿಲ್ಲವೆಂದು ಅಧಿಕಾರಿಗೆ ಎಚ್ಚರಿಸುವ ಸಾಧನವೊಂದು ಇದ್ದು, ಆ ಅಧಿಕಾರಿ ಅದನ್ನು ಕೇಳಿದ್ದರೆ, ಆ ಶನಿವಾರ ಬೇರೆ ಬಗೆಯಾಗಿ ಬೆಳಗಾಗುತ್ತಿದ್ದಿತೆಂದು ನನ್ನ ನಂಬಿಕೆ. ಇದೇ ಬುದ್ಧಿಯನ್ನು ಕಾರ್ಮಿಕನ ನಿಧಾನವನ್ನು ಹುಡುಕುವುದಕ್ಕೆ ಬಳಸುವಷ್ಟು ಉತ್ಸಾಹದಿಂದ, ಕಂಪನಿ ಉಳಿಸಿಕೊಂಡ ಬಾಕಿಯನ್ನು ಹುಡುಕುವುದಕ್ಕೂ ಬಳಸಬೇಕು. ಯಂತ್ರದ ದೃಷ್ಟಿಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ತೀರ್ಮಾನಿಸುವವನು ವ್ಯವಸ್ಥಾಪಕನೇ. ಅವನ ನೀತಿ ಪರೀಕ್ಷೆಗೆ ಒಳಗಾಗುವುದು ಅಲ್ಲಿಯೇ.

ಕಾನೂನು ಈಗ ಎಲ್ಲಿ ನಿಂತಿದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಉದ್ಯೋಗದ ಉದ್ದೇಶಗಳಿಗಾಗಿ ನೌಕರರ ದತ್ತಾಂಶವನ್ನು ಅವರ ಒಪ್ಪಿಗೆ ಪಡೆಯದೆಯೂ ಬಳಸಲು ಏಳನೆಯ ಪ್ರಕರಣದಲ್ಲಿ ಅವಕಾಶ ಕೊಟ್ಟಿದೆ. ಯಂತ್ರವೊಂದೇ ಮಾಡಿದ ತೀರ್ಮಾನಕ್ಕೆ ತನ್ನನ್ನು ಒಳಪಡಿಸಬಾರದೆಂದು ಯುರೋಪಿನ ನೌಕರ ಹೇಳಬಹುದಾದ ಹಕ್ಕು ಅದರಲ್ಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ, ಅದು ಸ್ವಾಗತಾರ್ಹ. ನೇಮಿಸದೆ ಬಿಟ್ಟುದಕ್ಕೆ ಕಾರಣ ಹೇಳುವ ಪತ್ರ ಯಾವ ಸಂಹಿತೆಯಲ್ಲಿಯೂ ಇಲ್ಲ.

ಚೌಕಟ್ಟು: ಡೆಲಿವರಿ ಹುಡುಗನಿಗೆ ಉಂಟು

*ಪ್ಲಾಟ್‌ಫಾರಂ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಅದನ್ನು ಶಾಸನವಾಗಿಸಿತು.*

*ಕೆಲಸ ಹಂಚಲು, ರೇಟಿಂಗ್ ಹಾಕಲು, ಕೆಲಸ ನಿರಾಕರಿಸಲು ಯಂತ್ರ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಂದು ಕಂಪನಿ ಕಾರ್ಮಿಕನಿಗೆ ತಿಳಿಸಬೇಕು.*

*ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಟ್ಟು 14 ದಿನಗಳ ಮುನ್ಸೂಚನೆ ಕೊಡಬೇಕು. ದೂರು ಕೇಳಲು ಆಂತರಿಕ ಸಮಿತಿ ಇರಬೇಕು.*

ಅಂದರೆ ಬೆಂಗಳೂರಿನ ಬೀದಿಯಲ್ಲಿ ಊಟದ ಪೊಟ್ಟಣ ತಲುಪಿಸುವ ಮುಳಬಾಗಿಲಿನ ಹುಡುಗನಿಗೆ, ಯಂತ್ರ ತನ್ನನ್ನು ಹೇಗೆ ಅಳೆಯಿತೆಂದು ಕೇಳುವ ಹಕ್ಕುಂಟು; ನರಸಾಪುರಕ್ಕೋ ಮಾಲೂರಿಗೋ ಕಂಪನಿ ಬಸ್ಸಿನಲ್ಲಿ ಹೋಗುವ ಅವನ ತಂಗಿಗೆ ಇಲ್ಲ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿರುವುದಕ್ಕೆ ಯಾವ ಸಮರ್ಥನೆಯೂ ನನಗೆ ತೋಚುತ್ತಿಲ್ಲ.

ಶಾಸನ ಬರುವವರೆಗೆ ವ್ಯವಸ್ಥಾಪಕರು ಕಾಯಬೇಕಾದುದೂ ಇಲ್ಲ. ಕರಾರು ಮುಂದುವರಿಸದವರ ಪಟ್ಟಿಯನ್ನು ಯಂತ್ರವೇ ಸಿದ್ಧಪಡಿಸಿದ್ದರೂ, ಪ್ರತಿಯೊಂದು ಹೆಸರಿನ ಮುಂದೆ ಅದನ್ನು ಓದಿ ಒಪ್ಪಿದ ಅಧಿಕಾರಿಯ ಸಹಿ ಇರಲಿ, ಸಿಸ್ಟಮಿನದಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ, ಅಂದರೆ ಕಾರ್ಮಿಕರಿಗೆ ಬಿಡುವಿರುವ ಹೊತ್ತಿನಲ್ಲಿ, ಬಾಗಿಲ ಬಳಿ ಒಂದು ಕಿಟಕಿ ತೆರೆದಿರಲಿ. ಅಲ್ಲಿ ಕನ್ನಡವನ್ನೂ ತೆಲುಗನ್ನೂ ಬಲ್ಲ, ಗೈರುಹಾಜರಿಯ ಗುರುತನ್ನು ತಿದ್ದುವ ಅಧಿಕಾರವುಳ್ಳ ಒಬ್ಬರು ಕುಳಿತಿರಲಿ. ಏಜೆನ್ಸಿಯನ್ನು ಕೇಳು ಎಂಬ ಮಾತನ್ನು ಅವರು ಆಡಕೂಡದು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಲ್ಲಿಯೇ ವಿಧಿಸಿದ್ದಿತು.

ಉಳಿದುದು ವಿಧಾನಸೌಧದ ಕೆಲಸ. ಗಿಗ್ ಕಾರ್ಮಿಕರ ಶಾಸನದಲ್ಲಿ ಯಂತ್ರದ ತೀರ್ಮಾನಗಳನ್ನು ಕುರಿತ ಪ್ರಕರಣ ಆಗಲೇ ಬರೆದಾಗಿದೆ. ಅದನ್ನು ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರಿಗೂ ಅನ್ವಯಿಸುವ ತಿದ್ದುಪಡಿಯನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಾಲ್ವರು ಶಾಸಕರು ಪಕ್ಷಭೇದವನ್ನು ಬದಿಗಿಟ್ಟು ಮುಂದಿನ ಅಧಿವೇಶನದಲ್ಲಿಯೇ ಮಂಡಿಸಬಹುದು.